ನೇರ ನೋಡಿದರೆ ಕಾಣದ ಮುಖ

ಜನವರಿ 9

ಮೌನಿಗಳೇ,

ರಜೆ ಮುಗಿಸಿ ಗಾಡಿ ಹತ್ತುವಾಗ ನೀವು ಮುಖ ಗಂಟು ಹಾಕಿಕೊಂಡಿದ್ದಿರಂತೆ. ನಿಮ್ಮ ತಂಗಿ ಹೇಳಿದಳು. ‘ಅಣ್ಣಂಗೇನ್ ಮಾಡಿದ್ರಿ ಅತ್ತಿಗೆ? ಹರಳೆಣ್ಣೆ ಕುಡಿದೋನ ಹಾಗೆ ಕೂತಿದ್ದ’ ಅಂದಳು.

ನಾನು ಏನೂ ಮಾಡಲಿಲ್ಲ, ಅದೇ ನಿಮ್ಮ ಸಿಟ್ಟು ಇರಬೇಕು. ಹೊರಡುವ ಹಿಂದಿನ ದಿನ ನೀವು ಹಡಗುಕಟ್ಟೆಯ ಕಥೆ ಹೇಳುತ್ತಿದ್ದಿರಿ. ನಾನು ಬಾಗಿಲ ಕಡೆ ನೋಡುತ್ತಿದ್ದೇನೆಂದು ಅರ್ಧಕ್ಕೇ ನಿಲ್ಲಿಸಿ, ‘ನನ್ ಮುಖ ನೋಡಿ ಮಾತಾಡೋಕೂ ಬೇಜಾರಾ ನಿಂಗೆ?’ ಅಂದಿರಿ. ನಾನು ನಕ್ಕುಬಿಟ್ಟೆ. ನಗಬಾರದಿತ್ತು, ಆ ಹೊತ್ತಿಗೆ ಬೇರೇನೂ ತೋಚಲಿಲ್ಲ. ನನ್ನ ಜೀವವೆಲ್ಲ ನಿಮ್ಮ ಮಾತಿನ ಮೇಲೇ ಇತ್ತು, ನಂಬಿ.

ನಿಲ್ದಾಣದಲ್ಲಿ ನನ್ನ ಕಿಟಕಿಗೆ ಹೊಸ ಗಾಜು ಹಾಕಿದ್ದಾರೆ. ನಡುವೆ ಒಂದು ತೂತು. ಜನ ಆ ತೂತಿಗೆ ಬಾಯಿಟ್ಟು ಕಿರುಚುತ್ತಾರೆ, ನಾನೇನೋ ಕಿವುಡಿ ಅನ್ನುವಂತೆ. ಮೊನ್ನೆ ಒಬ್ಬ ಅಜ್ಜಿ ಬಂದು, ‘ನನ್ ಮೊಮ್ಮಗ ಯಾವ ಗಾಡೀಲಿ ಬರ್ತಾನೆ?’ ಎಂದು ಕೇಳಿದರು. ಯಾವ ಊರಿಂದ ಎಂದೆ. ‘ಅದನ್ನ ನೀನ್ ಹೇಳ್ಬೇಕು ಕಣಮ್ಮ, ವಿಚಾರಣೆ ಅಂತ ಬೋರ್ಡ್ ಹಾಕ್ಕೊಂಡ್ ಕೂತಿಲ್ವಾ?’ ಅಂದರು. ಇಡೀ ಸಾಲು ಬಿದ್ದು ಬಿದ್ದು ನಕ್ಕಿತು. ಮನೆಗೆ ಬಂದು ಯಾರಿಗಾದರೂ ಹೇಳೋಣವೆಂದರೆ ಯಾರಿದ್ದಾರೆ? ಸ್ಟವ್ ಹಚ್ಚಿ, ಅದಕ್ಕೇ ಹೇಳಿದೆ.

ಒಂದು ಬೇಡಿಕೆ. ಮುಂದಿನ ಪತ್ರವನ್ನು ದಪ್ಪ ಅಕ್ಷರದಲ್ಲಿ, ಸಾಲು ಬಿಟ್ಟು ಬರೆಯಿರಿ. ನಿಮ್ಮದು ಇರುವೆ ಸಾಲು. ಶಾಯಿಯೂ ಕಪ್ಪಗಿರಲಿ. ಮತ್ತೆ, ಬೆಸುಗೆ ಹಾಕುವಾಗ ಮುಖವಾಡ ಇಳಿಸದೆ ಕಿಡಿ ನೋಡಬೇಡಿ. ಕಣ್ಣು ಒಮ್ಮೆ ಹೋದರೆ ತಿರುಗಿ ಬರುವುದಿಲ್ಲ.

ನಿಮ್ಮ ವಿಚಾರಣೆ


ಜನವರಿ 27

ವಿಚಾರಣೆಯವಳೇ,

ನನ್ನ ಅಕ್ಷರಕ್ಕೆ ತಪ್ಪು ಹುಡುಕಿದ್ದೀಯ. ನಿನ್ನ ಸಾಲುಗಳು ಒಂದರ ಮೇಲೊಂದು ಹತ್ತಿ ಕುಸ್ತಿ ಮಾಡುತ್ತಿವೆಯಲ್ಲ, ಅದಕ್ಕೇನು ಹೇಳುತ್ತೀಯ? ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು ಗೀಚಿದ ಹಾಗಿದೆ. ಗಂಡನಿಗೆ ಬರೆಯಲು ನೆಟ್ಟಗೆ ಕೂರುವಷ್ಟೂ ಪುರುಸೊತ್ತಿಲ್ಲವೇ? ನಿನ್ನ ಕಣ್ಣೋ ಹದ್ದಿನ ಕಣ್ಣು. ಅಂಗಿಯ ಗುಂಡಿ ಬಿದ್ದಾಗ ನಾನು ನೆಲಕ್ಕೆ ಮೂಗು ತಿಕ್ಕುತ್ತಿದ್ದರೆ, ನೀನು ಗೋಡೆ ನೋಡುತ್ತಾ ನಿಂತಲ್ಲಿಂದಲೇ ‘ಮಂಚದ ಕಾಲ ಹತ್ರ ಇದೆ ನೋಡಿ’ ಅಂದವಳು. ಅಂಥವಳಿಗೆ ನನ್ನ ಅಕ್ಷರ ಕಾಣುವುದಿಲ್ಲವಂತೆ.

ಇರಲಿ, ಜಗಳ ಬೇಡ. ಒಳ್ಳೆಯ ಸುದ್ದಿಯಿದೆ. ನನಗೆ ಕ್ವಾರ್ಟರ್ಸ್ ಸಿಗುತ್ತದೆ! ಎರಡು ಕೋಣೆ, ಒಳಗೇ ನಲ್ಲಿ, ಅಡುಗೆಮನೆಯ ಕಿಟಕಿಯಿಂದ ಕ್ರೇನುಗಳ ಕತ್ತು ಕಾಣುತ್ತದೆ. ಸಂಸಾರದವರಿಗೆ ಮಾತ್ರ. ಹೆಂಡತಿ ಬರುತ್ತಾಳೆಂದು ಮಾರ್ಚ್ ಮುಗಿಯುವುದರೊಳಗೆ ಬರೆದುಕೊಡಬೇಕು, ಇಲ್ಲವಾದರೆ ನನ್ನ ಕೋಣೆಯ ಕ್ರೇನಿನವನಿಗೆ ಹೋಗುತ್ತದೆ. ಅವನು ಗೊರಕೆ ಹೊಡೆಯುತ್ತಲೇ ಅದಕ್ಕಾಗಿ ಕಾಯುತ್ತಿದ್ದಾನೆ.

ಬಂದುಬಿಡು. ನನಗೆ ಇಲ್ಲಿ ಸಾಕಾಗಿದೆ. ಈಗ ನನ್ನ ಕೆಲಸ ಹಡಗಿನ ತಳದಲ್ಲಿ, ಎರಡು ತಗಡುಗಳ ನಡುವಿನ ಪೆಟ್ಟಿಗೆಯಂಥ ಜಾಗದಲ್ಲಿ. ತೆವಳಿಕೊಂಡು ಒಳಗೆ ಹೋಗಬೇಕು. ಹೊರಗೊಬ್ಬ ನನ್ನ ಸೊಂಟಕ್ಕೆ ಕಟ್ಟಿದ ಹಗ್ಗ ಹಿಡಿದು ಕೂತಿರುತ್ತಾನೆ. ಆಗಾಗ ಎಳೆದು ನೋಡುತ್ತಾನೆ, ಬದುಕಿದ್ದೇನೆಂದು ನಾನೂ ಎಳೆಯುತ್ತೇನೆ. ಇಡೀ ದಿನದಲ್ಲಿ ನನ್ನ ಜೊತೆ ಯಾರಾದರೂ ಮಾತಾಡಿದ್ದು ಅಂದರೆ ಅಷ್ಟೇ.

ಅಲ್ಲಿ ಬಿದ್ದುಕೊಂಡು ನಿನ್ನ ಕಿಟಕಿಯನ್ನು ನೆನೆಸಿಕೊಳ್ಳುತ್ತೇನೆ. ಮದುವೆಗೆ ಮುಂಚೆ ದಿನಾ ಸಾಲಿನಲ್ಲಿ ನಿಂತು ನಿನ್ನ ಮುಂದೆ ಬಂದು ತುಟಿ ಪಿಟಕ್ಕೆನ್ನದೆ ನಿಲ್ಲುತ್ತಿದ್ದೆ. ನೀನು ತಲೆ ಎತ್ತಿ ನೋಡಿ, ನಗು ಬಿಗಿಹಿಡಿದು, ‘ನಿಮ್ಮ ಗಾಡಿ ಇನ್ನೂ ಹೊರಟಿಲ್ಲ, ನಿಂತಿರಿ’ ಅನ್ನುತ್ತಿದ್ದೆ. ನನಗೆ ಯಾವ ಗಾಡಿಯೂ ಇರಲಿಲ್ಲ ಎಂದು ನಿನಗೂ ಗೊತ್ತಿತ್ತು. ಮೌನಿ ಎಂದು ಹೆಸರಿಟ್ಟವಳೂ ನೀನೇ. ಆಗ ಎಷ್ಟು ಚೆನ್ನಾಗಿ ನೋಡುತ್ತಿದ್ದೆ ನನ್ನನ್ನು!

ಕೂಡಲೇ ಉತ್ತರ ಬರೆ. ಯಾರ್ಡಿನ ಫೋನಿಗೆ ಮಾಡಬೇಡ, ಹಿಂದೆ ನಿಂತವರ ಕಿವಿಯೆಲ್ಲ ನಮ್ಮ ಮಾತಿನ ಮೇಲೇ ಇರುತ್ತದೆ.

ನಿನ್ನ ಮೌನಿ


ಫೆಬ್ರವರಿ 19

ಮೌನಿಗಳೇ,

ಉತ್ತರ ತಡವಾಯಿತು. ಕ್ವಾರ್ಟರ್ಸ್ ಸುದ್ದಿ ಓದಿ ಖುಷಿಯಾಯಿತು. ಅಷ್ಟು ಬೇಗ ಹೇಗೆ ಬರಲಿ ಎಂದೂ ಯೋಚನೆಯಾಯಿತು. ನಿಮ್ಮ ತಂಗಿಗೆ ಈಗಷ್ಟೇ ಆರು ತಿಂಗಳು ತುಂಬಿದೆ. ಹೆರಿಗೆಗೆ ಪಕ್ಕದ ಬೀದಿಯಲ್ಲೇ ಇರುವ ಅತ್ತಿಗೆ ನಾನಿಲ್ಲದಿದ್ದರೆ ಹೇಗೆ? ಇಲ್ಲಿ ರಜೆಯೂ ಸಿಗುವುದಿಲ್ಲ. ಈ ಮನೆಯ ಮಾಲೀಕರಿಗೂ ಮುಂಚೆಯೇ ಹೇಳಬೇಕು. ಮತ್ತೆ ಸಮುದ್ರದ ಗಾಳಿ ನನಗೆ ಒಗ್ಗುತ್ತದೋ ಇಲ್ಲವೋ. ಇದನ್ನು ಬರೆದ ಮೇಲೆ ನನಗೇ ನಗು ಬಂತು. ನಾನು ಯಾವತ್ತು ಸಮುದ್ರ ನೋಡಿದ್ದೆ?

ಹೊಸ ಊರು ಅಂದರೆ ಎಲ್ಲವನ್ನೂ ಮೊದಲಿಂದ ಕಲಿಯಬೇಕು. ಇಲ್ಲಾದರೆ ಯಾವ ಮೆಟ್ಟಿಲು ಸವೆದಿದೆ, ಯಾವ ಅಂಗಡಿಯವರು ಕಾಲುದಾರಿಗೇ ಸ್ಟೂಲು ಹಾಕುತ್ತಾರೆ, ಎಲ್ಲ ಕಾಲಿಗೇ ಗೊತ್ತು. ಗಾಡಿಗಳ ವೇಳೆಯಂತೂ ಬಾಯಿಪಾಠ. ಮೊನ್ನೆ ಹೊಸ ವೇಳಾಪಟ್ಟಿ ಹಾಕಿದರು, ನಾನು ಅದರ ಕಡೆ ತಿರುಗಿಯೂ ನೋಡಲಿಲ್ಲ. ಸಂಜೆ ಪಾರ್ಸಲ್ ಗುಮಾಸ್ತೆಯಿಂದ ಎರಡು ಸಲ ಗಟ್ಟಿಯಾಗಿ ಓದಿಸಿಕೊಂಡೆ, ಮುಗಿಯಿತು.

ಒಂದು ತಮಾಷೆ. ನನ್ನ ಮೇಲೆ ದೂರು ಹೋಗಿದೆ! ‘ಕಿಟಕಿಯ ಹೆಂಗಸು ಜಂಬದವಳು, ಕೇಳಿದ್ದಕ್ಕೆ ಗೋಡೆ ನೋಡಿಕೊಂಡು ಉತ್ತರ ಕೊಡುತ್ತಾಳೆ’ ಎಂದು ಯಾರೋ ಬರೆದುಕೊಟ್ಟರಂತೆ. ಸ್ಟೇಷನ್ ಮಾಸ್ಟರು ಕರೆದು, ‘ಜನರ ಮುಖ ನೋಡಿ ಮಾತಾಡಮ್ಮ, ಅದೇನು ಕಷ್ಟ?’ ಅಂದರು. ಅಂದಿನಿಂದ ಬಂದವರನ್ನೆಲ್ಲ ನುಂಗಿಬಿಡುವವಳ ಹಾಗೆ ನೆಟ್ಟಗೆ ನೋಡುತ್ತೇನೆ. ಈಗ ದೂರಿಲ್ಲ. ಜನಕ್ಕೆ ಅಷ್ಟೇ ಸಾಕು.

ಕನ್ನಡಕ ಬದಲಿಸಿದೆ, ಅಷ್ಟೇನೂ ಹಿಡಿಸಲಿಲ್ಲ. ನೀವು ಅಕ್ಷರ ದಪ್ಪ ಮಾಡಲೇ ಇಲ್ಲ ಅಲ್ಲವೇ?

ಕ್ವಾರ್ಟರ್ಸ್ ವಿಷಯ ಯೋಚಿಸುತ್ತೇನೆ. ಸಿಟ್ಟಾಗಬೇಡಿ.

ನಿಮ್ಮ ವಿಚಾರಣೆ


ಮಾರ್ಚ್ 16

ಪತ್ರ ತಲುಪಿದೆ. ನಿನ್ನ ನೆಪಗಳೂ ತಲುಪಿದವು.

ಕ್ವಾರ್ಟರ್ಸ್ ವಿಷಯ ಇನ್ನು ಯೋಚಿಸಬೇಕಾಗಿಲ್ಲ. ನನಗೆ ಅರ್ಥವಾಗಿದೆ. ತಂಗಿಯನ್ನು ನೋಡಿಕೋ.

ಇಷ್ಟೇ.


ಮಾರ್ಚ್ 29

ಮೌನಿಗಳೇ,

ಏನಾಯಿತು ನಿಮಗೆ? ಮೂರು ಸಾಲು ಬರೆದಿದ್ದೀರಿ, ಕೊನೆಗೆ ಹೆಸರೂ ಇಲ್ಲ, ನನ್ನನ್ನು ಕರೆದೂ ಇಲ್ಲ. ಕಾಗದ ತಿರುಗಿಸಿ ಹಿಂದೆ ಏನಾದರೂ ಇದೆಯೇ ಎಂದು ಬೆಳಕಿಗೆ ಹಿಡಿದು ಹುಡುಕಿದೆ. ಏನೂ ಇರಲಿಲ್ಲ.

ನಾನು ಬರುವುದಿಲ್ಲ ಎಂದು ಎಲ್ಲಿ ಹೇಳಿದೆ? ಯೋಚಿಸುತ್ತೇನೆ ಎಂದೆ. ನನ್ನದು ನೆಪವೇ ಇರಬಹುದು. ನೆಪದ ಹಿಂದೆ ಏನೋ ಇದೆ ಎಂದು ನಿಮಗೆ ಅನಿಸಬಾರದೇ? ಮೊದಲಾದರೆ ನಾನು ಕೆಮ್ಮಿದರೂ ಯಾಕೆ ಎಂದು ಕೇಳುತ್ತಿದ್ದಿರಿ.

ಮನೆಯಲ್ಲಿ ಸದ್ದೇ ಇಲ್ಲ. ಮೇಲಿನ ಮನೆಯವರು ಕುರ್ಚಿ ಎಳೆದರೆ, ಸದ್ಯ ಯಾರೋ ಇದ್ದಾರೆ ಅನಿಸುತ್ತದೆ. ಭಾನುವಾರ ನಿಮ್ಮ ತಂಗಿ ಬಂದು, ‘ಅತ್ತಿಗೆ, ನೀವಿಬ್ರೂ ಮಾತು ಬಿಟ್ಟಿದೀರಾ?’ ಎಂದು ಕೇಳಿದಳು. ಇಲ್ಲವೇ ಇಲ್ಲ ಎಂದೆ. ಅವಳ ಮುಖ ಹೇಗಿತ್ತೋ ಗೊತ್ತಿಲ್ಲ.

ನಿಮಗೆ ಹೇಳಬೇಕಾದ ಒಂದು ವಿಷಯವಿದೆ. ಪತ್ರದಲ್ಲಿ ಬರೆಯುವಂಥದ್ದಲ್ಲ. ಎರಡು ದಿನವಾದರೂ ರಜೆ ಹಾಕಿ ಬನ್ನಿ. ಮುಖಾಮುಖಿ ಕೂತು ಹೇಳುತ್ತೇನೆ.

ನಿಮ್ಮವಳು


ಏಪ್ರಿಲ್ 11

ಮುಖಾಮುಖಿಯಂತೆ! ಯಾವ ಬಾಯಲ್ಲಿ ಬರೆದೆ ಆ ಮಾತನ್ನು?

ನಾನು ಬಂದಿದ್ದೆ. ಮಾರ್ಚ್ ಹದಿಮೂರಕ್ಕೆ. ಹಡಗು ನೀರಿಗಿಳಿದದ್ದಕ್ಕೆ ನಮಗೆಲ್ಲ ರಜೆ ಕೊಟ್ಟರು. ನಿನ್ನ ನೆಪಗಳ ಪತ್ರ ಜೇಬಿನಲ್ಲಿತ್ತು. ಬಾಯಲ್ಲಿ ಕೇಳಿದರೆ ಒಪ್ಪಿಯಾಳು ಎಂದುಕೊಂಡು ಗಾಡಿ ಹತ್ತಿದೆ. ಮನೆಗೆ ಹೋಗಲಿಲ್ಲ, ನೇರ ನಿನ್ನ ಕಿಟಕಿಗೆ ಬಂದೆ. ಸಾಲಿನಲ್ಲಿ ನಿಂತೆ, ಮೊದಲಿನ ಹಾಗೇ. ಈ ವಯಸ್ಸಿನಲ್ಲಿ ನನಗೆ ಎದೆ ಹೊಡೆದುಕೊಳ್ಳುತ್ತಿತ್ತು, ನಾಚಿಕೆಯಿಲ್ಲದೆ ಬರೆಯುತ್ತಿದ್ದೇನೆ.

ನನ್ನ ಸರದಿ ಬಂತು. ಬಾಯಿ ಬಿಡಲಿಲ್ಲ. ನೀನು ತಲೆ ಎತ್ತಿದೆ. ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ಕಳೆದ ರಜೆಯಲ್ಲಿ ಒಂದು ಸಲವೂ ಹಾಗೆ ನೋಡಿದವಳಲ್ಲ. ಕಿಡಿ ಸಿಡಿದು ತುಟಿ ಸುಟ್ಟಿತ್ತು, ಮೀಸೆ ತೆಗೆಸಿದ್ದೆ. ಜ್ವರ ಬಂದು ಸ್ವಲ್ಪ ಇಳಿದಿದ್ದೆ. ಅಷ್ಟಕ್ಕೆ ಗಂಡನ ಗುರುತು ಹೋಗುತ್ತದೆಯೇ? ನೀನು ‘ಏನ್ ಬೇಕು ಹೇಳಿ’ ಅಂದೆ. ಆಟ ಆಡುತ್ತಿದ್ದೀ ಎಂದುಕೊಂಡು ನಾನು ನಕ್ಕೆ. ನೀನು ನಗಲಿಲ್ಲ. ‘ಏನೂ ಕೇಳೋದಿಲ್ಲಾಂದ್ರೆ ಪಕ್ಕಕ್ಕೆ ಸರೀರಿ, ಹಿಂದೆ ಜನ ಇದಾರೆ’ ಅಂದೆ. ಬೀದಿಯಲ್ಲಿ ಹೋಗುವವರಿಗೆ ಹೇಳುವ ದನಿ. ಹಿಂದಿದ್ದವನು ನನ್ನ ಭುಜ ತಳ್ಳಿ ಮುಂದೆ ಬಂದ.

ಎದುರಿನ ಬೆಂಚಿನ ಮೇಲೆ ಕೂತೆ. ಈಗ ಕರೆಯುತ್ತೀ, ಈಗ ಕರೆಯುತ್ತೀ ಎಂದು ನೋಡಿದೆ. ನಿನ್ನ ಕಣ್ಣು ಎರಡು ಸಲ ನನ್ನ ಮೇಲೆ ಹಾದುಹೋಯಿತು. ಆಮೇಲೆ ಬಂದ ದಾರಿಗೇ ಹೋಗುವ ಗಾಡಿ ಹತ್ತಿದೆ. ಆ ಗಾಡಿ ಹೊರಡುತ್ತದೆಂದು ಲೌಡ್‌ಸ್ಪೀಕರಿನಲ್ಲಿ ಹೇಳಿದ್ದೂ ನಿನ್ನ ದನಿಯೇ.

ಬೇಡವಾದರೆ ಬೇಡ ಅನ್ನಬೇಕಿತ್ತು. ಪತ್ರದಲ್ಲಿ ಸಿಹಿ, ಎದುರಿಗೆ ಬಂದರೆ ‘ಸರೀರಿ’. ನನಗೆ ಈ ನಾಟಕ ಬೇಡ. ಕ್ವಾರ್ಟರ್ಸ್ ಕ್ರೇನಿನವನಿಗೆ ಹೋಯಿತು. ಅವನ ಹೆಂಡತಿ ಬಂದಾಯಿತು, ಕಿಟಕಿಗೆ ಪರದೆ ಹಾಕಿಯಾಯಿತು. ನಾನು ಈಗ ಈ ಕೋಣೆಯಲ್ಲಿ ಒಬ್ಬನೇ. ಅವನ ಗೊರಕೆಯೂ ಇಲ್ಲ.


ಮೇ 3

ಮೌನಿಗಳೇ,

ನಿಮ್ಮ ಪತ್ರ ಓದಲು ನನಗೆ ಬಹಳ ಹೊತ್ತು ಹಿಡಿಯಿತು. ಭೂತಗನ್ನಡಿ ಹಿಡಿದು, ಕಣ್ಣು ಪಕ್ಕಕ್ಕೆ ತಿರುಗಿಸಿ, ಒಂದೊಂದೇ ಅಕ್ಷರ ಹೆಕ್ಕಿ ಓದಿದೆ. ಬೇರೆಯವರು ಸಿಟ್ಟಿನ ಪತ್ರವನ್ನು ಗಟಗಟ ಓದಿ ಮುಗಿಸುತ್ತಾರೆ. ನಾನು ನಿಮ್ಮ ಸಿಟ್ಟನ್ನು ಬಿಡಿಬಿಡಿಯಾಗಿ ಓದಿದೆ. ‘ಬೇಡ’ ಎಂಬ ಎರಡು ಅಕ್ಷರ ಕೂಡಿಸಲು ಮೂರು ಸಲ ಭೂತಗನ್ನಡಿ ಸರಿಸಿದೆ.

ನನ್ನ ಕಣ್ಣು ಹೋಗುತ್ತಿದೆ.

ಬರೆದುಬಿಟ್ಟೆ. ಈಗ ಉಳಿದದ್ದು ಸುಲಭ.

ಎರಡು ವರ್ಷದಿಂದ ಹೀಗೆ. ಮೊದಲು ಅಕ್ಷರಗಳ ನಡುವೆ ಒಂದೊಂದು ಕಾಣೆಯಾಗುತ್ತಿತ್ತು. ಆಮೇಲೆ ಮುಖಗಳು. ಕತ್ತಲಾಗಿದೆ ಅಂದುಕೊಳ್ಳಬೇಡಿ, ಕತ್ತಲೇನೂ ಇಲ್ಲ. ಬಾಗಿಲು, ಬೀದಿ, ಮೆಟ್ಟಿಲು, ಬರುವ ಬಸ್ಸು ಎಲ್ಲ ಕಾಣುತ್ತದೆ. ಯಾವುದನ್ನು ನೆಟ್ಟಗೆ ನೋಡುತ್ತೇನೋ ಅದು ಮಾತ್ರ ಕಾಣುವುದಿಲ್ಲ. ಸ್ಲೇಟಿನ ನಡುವೆ ಒದ್ದೆ ಬೆರಳಿಂದ ಒರೆಸಿದ ಹಾಗೆ. ಆ ಒರೆಸಿದ ಜಾಗ ನನ್ನ ಕಣ್ಣಿನ ಜೊತೆಗೇ ತಿರುಗುತ್ತದೆ. ನಿಮ್ಮನ್ನು ನೋಡಿದರೆ ಭುಜ ಕಾಣುತ್ತದೆ, ಕೂದಲು ಕಾಣುತ್ತದೆ, ನಡುವೆ ಮುಖವಿರುವ ಕಡೆ ಮಸುಕು. ಓರೆಯಾಗಿ ಬೇರೆ ಕಡೆ ನೋಡಿದರೆ ಮಾತ್ರ ಪಕ್ಕದಲ್ಲಿ ನಿಮ್ಮ ಮುಖ ಮಬ್ಬುಮಬ್ಬಾಗಿ ಮೂಡುತ್ತದೆ. ಆ ದಿನ ಗುಂಡಿ ಸಿಕ್ಕಿದ್ದೂ ಹಾಗೇ. ನಾನು ಗೋಡೆ ನೋಡುತ್ತಿದ್ದೆ, ಮಂಚದ ಹತ್ತಿರ ಬಿಳಿ ಚುಕ್ಕೆ ಅಂಚಿನಲ್ಲಿ ಹೊಳೆಯಿತು. ಗುಂಡಿ ಕಾಣುವವಳಿಗೆ ಮುಖ ಕಾಣುವುದಿಲ್ಲ ಎಂದರೆ ಯಾರು ನಂಬುತ್ತಾರೆ? ನನಗೇ ನಂಬಿಕೆ ಬರಲಿಲ್ಲ.

ಮೂರು ಕನ್ನಡಕ ಬದಲಿಸಿದ ಮೇಲೆ ದೊಡ್ಡ ಆಸ್ಪತ್ರೆಗೆ ಹೋದೆ. ಕಣ್ಣಿಗೆ ಹನಿ ಹಾಕಿ, ದೀಪ ಬಿಟ್ಟು, ಒಳಗಿನ ಚಿತ್ರ ತೆಗೆದರು. ಡಾಕ್ಟರಮ್ಮ ನನ್ನ ವಯಸ್ಸಿನವರೇ. ‘ಕನ್ನಡಕದ ತಪ್ಪಲ್ಲ ಇದು. ಕಣ್ಣಿನ ಹಿಂದೆ ಒಂದು ಪರದೆ ಇರುತ್ತೆ, ಅದರ ನಡುಮಧ್ಯ ಸವೆದು ಹೋಗ್ತಾ ಇದೆ. ಸ್ಟಾರ್‌ಗಾರ್ಟ್ ಅಂತ ಹೆಸರು. ಬಹಳ ಅಪರೂಪ’ ಅಂದರು. ಅಪರೂಪ ಅಂದರೆ ಒಳ್ಳೆಯದು ಎಂದು ಒಂದು ಕ್ಷಣ ಅನಿಸಿತು ನೋಡಿ, ಎಂಥ ಪೆದ್ದಿ! ‘ಔಷಧ?’ ಎಂದೆ. ‘ಸದ್ಯಕ್ಕಿಲ್ಲ. ಬಿಸಿಲಲ್ಲಿ ಕಪ್ಪು ಕನ್ನಡಕ ಹಾಕ್ಕೊಳ್ಳಿ. ಪೂರ್ತಿ ಕತ್ತಲಾಗೋದು ಕಮ್ಮಿ, ಪಕ್ಕದ ನೋಟ ಸಾಮಾನ್ಯವಾಗಿ ಉಳಿಯುತ್ತೆ. ಅದರಲ್ಲೇ ಬದುಕೋದು ಕಲೀಬೇಕು’ ಅಂದರು. ಇದು ಅಪ್ಪನಿಂದ ಒಂದು ಪಾಲು, ಅಮ್ಮನಿಂದ ಒಂದು ಪಾಲು ಬರುತ್ತದಂತೆ. ಇಬ್ಬರಿಗೂ ಏನೂ ತೊಂದರೆ ಇರಲಿಲ್ಲ. ಎರಡು ಪಾಲೂ ನನ್ನೊಬ್ಬಳಲ್ಲೇ ಸೇರಿತು. ನಮಗೆ ಮಗುವಾದರೆ ಎಂದು ಕೇಳಲು ಹೋದೆ, ಕಪ್ಪು ಕನ್ನಡಕ ಎಲ್ಲಿ ಸಿಗುತ್ತದೆ ಎಂದು ಕೇಳಿ ಎದ್ದು ಬಂದೆ.

ನಿಮಗೆ ಯಾಕೆ ಹೇಳಲಿಲ್ಲ? ನೀವು ಅಷ್ಟು ದೂರದಲ್ಲಿ, ಆ ಪೆಟ್ಟಿಗೆಯೊಳಗೆ ಮಲಗಿ ಇದನ್ನೇ ಯೋಚಿಸುತ್ತೀರಿ ಎಂದು. ಅದು ಅರ್ಧ ಸತ್ಯ. ಇನ್ನರ್ಧ, ಕೆಲಸ ಹೋಗುತ್ತದೆಂಬ ಭಯ. ಎಲ್ಲಕ್ಕಿಂತ ದೊಡ್ಡದು, ನೀವು ನನ್ನನ್ನು ಕನಿಕರದಿಂದ ನೋಡಿದರೆ ಆ ನೋಟವೂ ನನಗೆ ಕಾಣುವುದಿಲ್ಲ ಎಂಬ ಸಂಕಟ. ಕ್ವಾರ್ಟರ್ಸಿಗೆ ಬರಲು ಹಿಂಜರಿದದ್ದೂ ಅದಕ್ಕೇ. ಅಲ್ಲಿ ನನ್ನ ಕಾಲಿಗೆ ಏನೂ ಗೊತ್ತಿಲ್ಲ.

ಈಗ ಮಾರ್ಚ್ ಹದಿಮೂರು. ನನಗೆ ನೆನಪಿದೆ. ಒಬ್ಬರು ಬಂದು ನಿಂತರು, ಮಾತಾಡಲಿಲ್ಲ. ಸುಮ್ಮನೆ ಬಂದು ಗಾಜಿಗೆ ಮೂಗು ಹಚ್ಚಿ ದಿಟ್ಟಿಸುವ ಪೋಲಿಗಳು ಇರುತ್ತಾರೆ, ಅಂಥವನು ಎಂದುಕೊಂಡೆ. ಹೆದರಿಕೆಯಾಯಿತು, ಅದಕ್ಕೇ ದನಿ ಗಡುಸು ಮಾಡಿದೆ. ಅದು ನೀವು! ನನ್ನ ಮುಂದೆ ಗೇಣು ದೂರದಲ್ಲಿ ನಗುತ್ತಾ ನಿಂತಿದ್ದಿರಂತೆ, ನಾನು ಸರಿಯಿರಿ ಅಂದೆನಂತೆ. ಇದನ್ನು ಓದಿದ ಮೇಲೆ ಊಟ ಸೇರಲಿಲ್ಲ. ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತಲ್ಲ ಮಾರಾಯರೇ! ನಿಮ್ಮ ದನಿ ನನಗೆ ಸಾವಿರ ಜನರ ನಡುವೆಯೂ ತಿಳಿಯುತ್ತದೆ.

ಒಂದನ್ನು ಮಾತ್ರ ನೀವು ತಿಳಿದುಕೊಳ್ಳಲೇಬೇಕು. ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ ಎಂದು ಬರೆದಿದ್ದೀರಿ. ಹೌದು, ಮಾಸ್ಟರು ಹೇಳಿದ ಮೇಲೆ ಎಲ್ಲರನ್ನೂ ಹಾಗೇ ನೋಡುತ್ತೇನೆ. ನಾನು ನೆಟ್ಟಗೆ ನೋಡಿದರೆ ನನಗೆ ಏನೂ ಕಾಣುತ್ತಿಲ್ಲ ಎಂದು ಅರ್ಥ. ಅದು ಅವರ ಸಮಾಧಾನಕ್ಕೆ. ಯಾರನ್ನು ನಿಜಕ್ಕೂ ನೋಡಬೇಕೋ ಅವರಿಂದ ಕಣ್ಣು ತಿರುಗಿಸುತ್ತೇನೆ. ಕಳೆದ ರಜೆಯಲ್ಲಿ ನಾನು ಬಾಗಿಲು ನೋಡಿದೆ, ಗೋಡೆ ನೋಡಿದೆ ಎಂದು ನೀವು ಮುನಿಸಿಕೊಂಡಿರಿ. ಆ ರಜೆಯಿಡೀ ನಾನು ನಿಮ್ಮನ್ನು ಬಿಟ್ಟು ಬೇರೇನೂ ನೋಡಿಲ್ಲ.

ಬೇಡವಾದರೆ ಈಗಲಾದರೂ ಬೇಡ ಅನ್ನಿ. ದಪ್ಪ ಅಕ್ಷರದಲ್ಲಿ ಬರೆಯಿರಿ. ಬೇರೆಯವರಿಂದ ಓದಿಸಿಕೊಳ್ಳುವ ಹಾಗೆ ಮಾಡಬೇಡಿ.

ನಿಮ್ಮವಳು


ಮೇ 14

ವಿಚಾರಣೆಯವಳೇ,

ಇದು ಹಡಗಿನ ಹಳೆಯ ನಕ್ಷೆಯ ಬೆನ್ನು. ತಗಡಿಗೆ ಗುರುತು ಹಾಕುವ ಕಪ್ಪು ಬಣ್ಣದ ಕಡ್ಡಿಯಲ್ಲಿ ಬರೆಯುತ್ತಿದ್ದೇನೆ. ನೆಲದ ಮೇಲೆ ಹಾಸಿ, ಮಂಡಿಯೂರಿ. ಇದಕ್ಕಿಂತ ದಪ್ಪ ಬೇಕಾದರೆ ಹಡಗಿನ ಮೈಮೇಲೇ ಬರೆಯಬೇಕು.

ಬೇಡ ಅನ್ನಲು ನಾನು ಯಾರು? ನೀನು ಕತ್ತೆ, ನಾನು ಕತ್ತೆಯ ಯಜಮಾನ. ಎರಡು ವರ್ಷ ಬಚ್ಚಿಟ್ಟೆಯಲ್ಲ, ಅದಕ್ಕೆ ನನಗೆ ಈಗಲೂ ಸಿಟ್ಟಿದೆ. ಕಮ್ಮಿಯಾಗಿಲ್ಲ. ಬಂದು ಬೈಯುತ್ತೇನೆ. ನನಗೇ ನಾನು ಬೈದುಕೊಂಡದ್ದನ್ನು ಬರೆಯಲು ಈ ನಕ್ಷೆ ಸಾಲದು. ಬೆಂಚಿನ ಮೇಲೆ ಅಷ್ಟು ಹೊತ್ತು ಕೂತಿದ್ದೆ. ಎದ್ದುಹೋಗಿ ಬಾಗಿಲು ತಟ್ಟಿ, ‘ಏನೇ ಇದು?’ ಎಂದು ಕೇಳಲಿಲ್ಲ. ದೊಡ್ಡ ಮೌನಿ!

ಸ್ಟೋರಿನಿಂದ ಒಂದು ಬಿಳಿ ಗಾಜಿನ ಮುಖವಾಡ ತಂದು, ಎರಡು ಕಣ್ಣಿನ ಎದುರಿಗೂ ಕಪ್ಪು ಟೇಪಿನ ತುಂಡು ಅಂಟಿಸಿಕೊಂಡು ನೋಡಿದೆ. ಕ್ರೇನಿನವನ ಮನೆಗೆ ಹಾಗೇ ಹೋದೆ. ಅವನ ಹೆಂಡತಿ ಹೌಹಾರಿದಳು. ‘ಏನಣ್ಣ, ತಲೆ ಕೆಟ್ಟಿದೆಯಾ?’ ಅಂದಳು. ಅವಳ ಮುಖ ಬಿಟ್ಟು ಎಲ್ಲ ಕಾಣುತ್ತಿತ್ತು, ಬಳಿದ ಗೋಡೆ, ಕಿಟಕಿಯ ಪರದೆ, ಕೈಯಲ್ಲಿದ್ದ ಪಾತ್ರೆ. ನಾನು ಕತ್ತು ತಿರುಗಿಸಿದೆ, ಟೇಪೂ ಜೊತೆಗೇ ಬಂತು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. ನಾನು ಟೇಪು ಕಿತ್ತು ಹಾಕಿದೆ. ನೀನು ಕೀಳಲು ಆಗುವುದಿಲ್ಲ ಎಂದು ಆಗ ಹೊಳೆದು, ಅವರ ಹೊಸಿಲ ಮೇಲೇ ಕೂತುಬಿಟ್ಟೆ.

ಮಗುವಿನ ವಿಷಯ ಡಾಕ್ಟರಮ್ಮನನ್ನು ಇಬ್ಬರೂ ಹೋಗಿ ಕೇಳೋಣ. ಆದರೆ ಆಯಿತು, ಇಲ್ಲವಾದರೆ ಇಲ್ಲ. ನೀನೊಬ್ಬಳೇ ಕೂತು ಲೆಕ್ಕ ಹಾಕಬೇಡ.

ಜೂನ್ ಮೊದಲ ವಾರ ಬರುತ್ತೇನೆ. ಗಾಡಿಯಿಂದ ಇಳಿದ ಕೂಡಲೇ ಬಾಯಿ ಬಡಿದುಕೊಳ್ಳುತ್ತೇನೆ, ಇಡೀ ನಿಲ್ದಾಣ ಕೇಳಲಿ.

ನಿನ್ನವನು


ಜೂನ್ 22

ಮೌನಿಗಳೇ,

ಇನ್ನು ಆ ಹೆಸರು ನಿಮಗೆ ಒಪ್ಪುವುದಿಲ್ಲ. ನೀವು ಪ್ಲಾಟ್‌ಫಾರ್ಮಿನಲ್ಲಿ ಕೂಗಿದ್ದನ್ನು ಪಾರ್ಸಲ್ ಗುಮಾಸ್ತೆ ಇನ್ನೂ ಅಣಕಿಸುತ್ತಾಳೆ.

ಮಾಸ್ಟರಿಗೆ ಎಲ್ಲ ಹೇಳಿದೆ. ಮರುದಿನ ಕರೆದು, ಕಿಟಕಿಗೆ ಬೇರೆಯವರನ್ನು ಹಾಕುತ್ತೇನೆ, ನೀನು ಮೈಕ್ ಒಂದೇ ನೋಡಿಕೋ ಅಂದರು. ಎಷ್ಟು ದಿನವೋ ಗೊತ್ತಿಲ್ಲ. ಮೈಕಿನ ಕೋಣೆಗೆ ಕಿಟಕಿಯಿಲ್ಲ, ಯಾರೂ ಬರುವುದಿಲ್ಲ. ಇಡೀ ಊರಿಗೆ ಕೇಳುವ ಹಾಗೆ ಮಾತಾಡುತ್ತೇನೆ, ನನ್ನ ಜೊತೆ ಮಾತಾಡುವವರು ಒಬ್ಬರೂ ಇಲ್ಲ. ನಿಮ್ಮ ಹಗ್ಗದವನು ನೆನಪಾಗುತ್ತಾನೆ.

ನೀವು ಮತ್ತೆ ಕ್ವಾರ್ಟರ್ಸಿಗೆ ಅರ್ಜಿ ಹಾಕಿದ್ದೀರಿ, ಸಿಗುವುದು ಯಾವ ಕಾಲಕ್ಕೋ. ಸಿಗುವವರೆಗೆ ನಾನು ಕಾಯುವುದಿಲ್ಲ. ನಿಮ್ಮ ತಂಗಿಯ ಕೂಸಿಗೆ ಈಗ ಒಂದು ತಿಂಗಳಾಗಿದೆ, ಇನ್ನೊಂದು ತಿಂಗಳು ಕಳೆದರೆ ಅವಳೇ ನೋಡಿಕೊಳ್ಳುತ್ತಾಳೆ. ಆಗಸ್ಟಿನಲ್ಲಿ ಅಲ್ಲಿಗೆ ಬಂದು ಹದಿನೈದು ದಿನ ಇರುತ್ತೇನೆ, ಎಲ್ಲಿಯಾದರೂ ಬಾಡಿಗೆಗೆ ಒಂದು ಕೋಣೆ ನೋಡಿ. ಬೀದಿಗಳನ್ನು ಕಾಲಿಗೆ ಹೇಳಿಕೊಡಬೇಕು. ನನಗೆ ಭಯವಿದೆ. ಬಂದೇ ಬರುತ್ತೇನೆ.

ನೀವು ಬಂದ ಮೊದಲ ದಿನಗಳು ಈಗ ನಗು ತರಿಸುತ್ತವೆ, ಆಗ ತರಿಸಲಿಲ್ಲ. ನಿಮ್ಮನ್ನು ನೋಡಬೇಕೆಂದು ನಾನು ಕ್ಯಾಲೆಂಡರಿನ ಕಡೆ ಕಣ್ಣು ತಿರುಗಿಸುವುದು, ನೀವು ಕುರ್ಚಿ ಎಳೆದುಕೊಂಡು ಕ್ಯಾಲೆಂಡರಿನ ಮುಂದೆಯೇ ಬಂದು ಕೂರುವುದು. ಬಂದ ಕೂಡಲೇ ಅಳಿಸಿಹೋಗುತ್ತಿದ್ದಿರಿ. ನಾನು ಬೀರುವಿನ ಕಡೆ ತಿರುಗಿದರೆ ಬೀರುವಿನ ಕಡೆ ಬರುತ್ತಿದ್ದಿರಿ. ‘ಒಂದ್ ಕಡೆ ಸುಮ್ನೆ ಕೂತ್ಕೊಳ್ರೀ!’ ಎಂದು ಕೂಗಿದೆ. ‘ಕೂತಿದೀನಲ್ಲೇ’ ಅಂದಿರಿ, ಮತ್ತೆ ಸರಿದಿರಿ. ಪತ್ರ ಓದಿದ್ದಿರಿ, ಟೇಪು ಅಂಟಿಸಿಕೊಂಡು ನೋಡಿದ್ದಿರಿ, ಆದರೂ ನಿಮಗೆ ತಿಳಿಯದೆಯೇ ಎದುರಿಗೆ ಬಂದುಬಿಡುತ್ತಿದ್ದಿರಿ. ನಿಮ್ಮ ಮೇಲೆ ಸಿಟ್ಟು ಬಂತು. ಆಮೇಲೆ ಅಳು ಬಂತು. ಇಬ್ಬರೂ ಒಂದೇ ಕೋಣೆಯಲ್ಲಿದ್ದೆವು, ನೀವು ಹಡಗುಕಟ್ಟೆಯಲ್ಲಿದ್ದಾಗಲೂ ನನಗೆ ಅಷ್ಟು ಒಂಟಿ ಅನಿಸಿರಲಿಲ್ಲ.

ಒಂದು ವಿಷಯ ಮಾತ್ರ ನಿಮಗೆ ಹೇಳಿರಲಿಲ್ಲ. ನೀವು ಹೊರಡುವ ಹಿಂದಿನ ದಿನ ಮಧ್ಯಾಹ್ನ ನಾನು ಬಟ್ಟೆ ಮಡಿಸುತ್ತಿದ್ದೆ. ನೀವು ಕುರ್ಚಿಯಲ್ಲಿ ಪತ್ರಿಕೆ ಹಿಡಿದುಕೊಂಡೇ ನಿದ್ದೆ ಹೋದಿರಿ. ನಾನು ಬಟ್ಟೆ ಕೆಳಗಿಟ್ಟು, ಸದ್ದಾಗದ ಹಾಗೆ ಹತ್ತಿರ ಬಂದು ಕೂತು, ಗೋಡೆಯ ಮೂಲೆಯ ಕಡೆ ಕಣ್ಣು ನಿಲ್ಲಿಸಿದೆ. ನೀವು ಸರಿಯಲಿಲ್ಲ. ನಿಧಾನವಾಗಿ ಒಂದೊಂದಾಗಿ ಕಂಡಿರಿ. ಕಿವಿಯ ಹತ್ತಿರ ಬೆಳ್ಳಗಾಗಿದೆ, ಯಾರೂ ನನಗೆ ಹೇಳಿರಲಿಲ್ಲ. ಕೆನ್ನೆ ಇಳಿದಿದೆ. ಬಾಯಿ ಸ್ವಲ್ಪ ತೆರೆದಿತ್ತು. ದಿನಾ ಒಬ್ಬರೇ ಊಟ ಮಾಡುವವರ ಮುಖ ಹಾಗಾಗುತ್ತದೋ ಏನೋ. ನನ್ನ ಕಣ್ಣಿನ ಚಿಂತೆಯಲ್ಲಿ, ನಿಮಗೂ ವಯಸ್ಸಾಗುತ್ತಿದೆ ಎಂಬುದು ನನಗೆ ಹೊಳೆದೇ ಇರಲಿಲ್ಲ. ಮೊದಲ ಸಲ ನಿಮ್ಮ ಬಗ್ಗೆ ಅಯ್ಯೋ ಅನಿಸಿತು. ನೀವು ಏಳುವವರೆಗೂ ಹಾಗೇ ಕೂತಿದ್ದೆ.

ಎದ್ದವರೇ ‘ಏನ್ ನೋಡ್ತಿದೀಯ ಅಲ್ಲಿ?’ ಎಂದು ಗೋಡೆಯ ಕಡೆ ತಿರುಗಿದಿರಿ. ನಾನು ‘ಏನಿಲ್ಲ’ ಅಂದೆ.

ನಿಮ್ಮನ್ನೇ ನೋಡುತ್ತಿದ್ದೆ ಕಣ್ರೀ.